ಹಳೆ ಗೀಸರ್ ಬಿಚ್ಚಿ ನೋಡಿಯೇ ಹೊಸದು ತಂದೆ

ಗೀಸರ್ ಕೆಡುವುದು ಎರಡು ಥರ. ಕಾಯಿಲ್ ಸುಟ್ಟಿದ್ದರೆ, ಥರ್ಮೋಸ್ಟಾಟ್ ಹೋಗಿದ್ದರೆ, ಅತಿಯಾಗಿ ಬಿಸಿಯಾದಾಗ ಕರೆಂಟ್ ಕಡಿಯುವ ಕಟೌಟ್ ಎಗರಿದ್ದರೆ ರಿಪೇರಿ ಮಾಡಿಸಿ ಇನ್ನೊಂದಷ್ಟು ವರ್ಷ ಓಡಿಸಬಹುದು. ಒಳಗಿನ ಟ್ಯಾಂಕಿಗೇ ತೂತು ಬಿದ್ದಿದ್ದರೆ ಮಾತ್ರ ಅದರ ಕಥೆ ಮುಗಿಯಿತು. ಎಂಸೀಲ್ ಮೆತ್ತಿದರೂ ಆ ಬಿಸಿಗೆ, ಆ ಒತ್ತಡಕ್ಕೆ ಅದು ನಿಲ್ಲುವುದಿಲ್ಲ.

ನಮ್ಮನೆಯದು ಎರಡೂ ಕಾಯಿಲೆ ಹಚ್ಚಿಕೊಂಡಿತ್ತು. ಮೊದಲು ಸ್ವಿಚ್ ಹಾಕಿದ ಕೂಡಲೇ ಮನೆಯ ಕರೆಂಟೆಲ್ಲ ಹೋಗತೊಡಗಿತು. ಮೇನ್ ಬೋರ್ಡಿನಲ್ಲಿ ಆರ್‌ಸಿಸಿಬಿ ಬೀಳುತ್ತಿತ್ತು. ಆಮೇಲೆ ಕೆಳಗಿನ ಪ್ಲಾಸ್ಟಿಕ್ ಮುಚ್ಚಳದಿಂದ ತುಕ್ಕಿನ ಬಣ್ಣದ ನೀರು ತೊಟ್ಟಿಕ್ಕಿತು. ಕೆಲವರು ಹೀಗಾದಾಗ ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿಸಿಬಿಡುತ್ತಾರೆ. ದಯವಿಟ್ಟು ಬೇಡ. ಅದು 30 ಮಿಲಿ ಆಂಪಿಯರ್ ಸೋರಿದರೂ ಕರೆಂಟ್ ಕಡಿಯುವ ಕಾವಲುಗಾರ. ಒದ್ದೆ ಮೈಯಲ್ಲಿ ನಲ್ಲಿ ಮುಟ್ಟುವವರು ನಾವೇ ಅಲ್ವಾ?

ಪ್ಲಗ್ ಕಿತ್ತು, ಕೆಳಗಿನ ಮುಚ್ಚಳ ತೆಗೆದು, ಕಾಯಿಲಿನ ಎರಡು ವೈರನ್ನೂ ಬಿಡಿಸಿ ಮಲ್ಟಿಮೀಟರ್ ಇಟ್ಟೆ. 2000 ವ್ಯಾಟಿನ ಕಾಯಿಲ್ ಸರಿಯಿದ್ದರೆ ಅದರ ಎರಡು ತುದಿಗಳ ನಡುವೆ ಸುಮಾರು 26 ಓಮ್ ತೋರಿಸಬೇಕು. ಅದು ಸರಿಯಾಗೇ ಇತ್ತು. ಆದರೆ ಒಂದು ತುದಿಗೂ ಗೀಸರಿನ ಲೋಹದ ಮೈಗೂ ನಡುವೆ ಏನೂ ತೋರಿಸಬಾರದು, ಅಲ್ಲಿ ಅಂಕಿ ತೋರಿಸುತ್ತಿತ್ತು. ಅಂದರೆ ಕಾಯಿಲಿನ ಹೊರಗಿನ ಕೊಳವೆ ಸೀಳಿ ಒಳಗೆ ನೀರು ಹೋಗಿದೆ. ನೀರು ಬಿಸಿಯಾಗುತ್ತಿದೆಯಲ್ಲ, ಕಾಯಿಲ್ ಚೆನ್ನಾಗೇ ಇದೆ ಅಂತ ಅಂದುಕೊಳ್ಳುವವರು ಇದನ್ನು ಗಮನಿಸಬೇಕು. ಬಿಸಿ ಮಾಡುವ ಕಾಯಿಲೂ ಶಾಕ್ ಹೊಡೆಯಬಹುದು.

ಸಾಮಾನ್ಯವಾಗಿ ಇಷ್ಟಾದ ಮೇಲೆ ಜನ ನೇರ ಅಂಗಡಿಗೆ ಹೋಗುತ್ತಾರೆ. ನಾನು ಮೊದಲು ಹಳೆಯದನ್ನು ಇಳಿಸಿ ಒಳಗೆ ನೋಡಿದೆ. ಹೊಸದು ಎಂಥದ್ದು ಬೇಕು ಅಂತ ಹೇಳುವುದು ಹಳೆಯದರ ಹೊಟ್ಟೆಯೇ. ಅಂಗಡಿಯವನಿಗೆ ನಮ್ಮ ನೀರು ಗೊತ್ತಿಲ್ಲ.

ಇಳಿಸುವ ಕೆಲಸಕ್ಕೆ ಒಂದು ಕ್ರಮ ಇದೆ. ಗೀಸರಿನ ಎಂಸಿಬಿ (ಬೋರ್ಡಿನಲ್ಲಿ ಅದರ ಲೈನಿಗಿರುವ ಸ್ವಿಚ್) ಆಫ್ ಮಾಡಿ, ಪ್ಲಗ್ ಕಿತ್ತು, ನೀರು ಪೂರ್ತಿ ತಣ್ಣಗಾಗಲು ಬಿಡಬೇಕು. ರಾತ್ರಿ ಆಫ್ ಮಾಡಿ ಬೆಳಿಗ್ಗೆ ಕೈ ಹಾಕುವುದು ಒಳ್ಳೆಯದು. ಆಮೇಲೆ ತಣ್ಣೀರು ಬರುವ ಆ್ಯಂಗಲ್ ಕಾಕ್ ಬಂದ್ ಮಾಡಬೇಕು. ನಿಮ್ಮ ಬಚ್ಚಲಲ್ಲಿ ಅದು ಇಲ್ಲದಿದ್ದರೆ ಚಾವಣಿ ಮೇಲಿನ ಟ್ಯಾಂಕಿಯ ಗೇಟ್ ವಾಲ್ವ್ ತಿರುಗಿಸಬೇಕು. ಹಾಗಿದ್ದರೆ ಇದೇ ಸಲ ಒಂದು ಆ್ಯಂಗಲ್ ಕಾಕ್ ಹಾಕಿಸಿಕೊಂಡುಬಿಡಿ.

ನೀರು ಖಾಲಿ ಮಾಡುವಾಗ ತುಂಬ ಜನ ಬಿಸಿನೀರಿನ ನಲ್ಲಿ ತಿರುಗಿಸಿ ಕಾಯುತ್ತಾರೆ. ಒಂದು ತೊಟ್ಟೂ ಬರುವುದಿಲ್ಲ. ಕಾರಣ ಸುಲಭ. ನೇತು ಹಾಕುವ ಗೀಸರಿನಲ್ಲಿ ಎರಡು ಪೈಪೂ ಕೆಳಗಿರುತ್ತವೆ. ನೀಲಿ ಗುರುತಿನದು ತಣ್ಣೀರು, ಅದು ಟ್ಯಾಂಕಿನ ತಳದಲ್ಲೇ ನಿಲ್ಲುತ್ತದೆ. ಕೆಂಪು ಗುರುತಿನದು ಬಿಸಿನೀರು, ಅದರ ಕೊಳವೆ ಒಳಗೆ ಮೇಲಿನ ತನಕ ಹೋಗಿರುತ್ತದೆ. ಯಾಕೆಂದರೆ ಬಿಸಿನೀರು ನಿಲ್ಲುವುದು ಮೇಲೆ. ಕೆಳಗಿನಿಂದ ತಣ್ಣೀರು ತಳ್ಳಿದರೆ ಮಾತ್ರ ಅದು ಹೊರಗೆ ಬರುತ್ತದೆ. ಹಾಗಾಗಿ ಖಾಲಿ ಮಾಡಬೇಕಾದ್ದು ನೀಲಿ ಕಡೆಯಿಂದ. ಬಿಸಿನೀರಿನ ನಲ್ಲಿ ತೆರೆದಿಡಿ, ಅದರಿಂದ ಗಾಳಿ ಒಳಗೆ ಹೋಗುತ್ತದೆ. ಕೆಳಗೆ ಬಕೆಟ್ ಇಟ್ಟು ನೀಲಿ ಕಡೆಯ ಪೈಪ್ ಮತ್ತು ವಾಲ್ವ್ ಬಿಚ್ಚಿ. 15 ಲೀಟರಿನ ಗೀಸರಾದರೆ ಒಂದು ದೊಡ್ಡ ಬಕೆಟ್ ಸಾಕು.

ಖಾಲಿ ಗೀಸರನ್ನು ಒಬ್ಬರೇ ಇಳಿಸಬೇಡಿ. ನಾನು ಸ್ಟೂಲ್ ಮೇಲೆ, ಭಾವ ಕೆಳಗೆ. ಸುಣ್ಣ ಕಟ್ಟಿದ ಗೀಸರ್ ನೀರಿಲ್ಲದಿದ್ದರೂ ನೆನೆಸಿದ್ದಕ್ಕಿಂತ ಜಾಸ್ತಿ ಭಾರ ಇರುತ್ತದೆ.

ಅಂಗಳದಲ್ಲಿ ಮಲಗಿಸಿ ಕೆಳಗಿನ ಬೋಲ್ಟುಗಳನ್ನು ಬಿಚ್ಚಿ ಕಾಯಿಲ್ ಎಳೆದೆ. ಬರಲೇ ಇಲ್ಲ. ಅದರ ಮೇಲೆ ಬೂದು ಬಣ್ಣದ ಸುಣ್ಣ ಅಷ್ಟು ದಪ್ಪ ಕಟ್ಟಿ, ಬಂದ ತೂತಿನಲ್ಲಿ ವಾಪಸ್ ಹೋಗಲಾರದಂತೆ ಊದಿತ್ತು. ಸ್ಕ್ರೂಡ್ರೈವರಿನಿಂದ ಕುಟ್ಟಿ ಕುಟ್ಟಿ ಉದುರಿಸಿದ ಮೇಲೆ ಬಂತು. ಟ್ಯಾಂಕ್ ಅಲ್ಲಾಡಿಸಿದರೆ ಒಳಗೆ ಕಲ್ಲು ಸದ್ದು. ಸುಣ್ಣದ ಚೂರಿಗೆ ವಿನೆಗರ್ ಹಾಕಿದಾಗ ನೊರೆನೊರೆಯಾಗಿ ಕರಗಿತು. ಬೋರ್‌ವೆಲ್ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬಿಸಿಯಾದಾಗ ಹೀಗೆ ಕಲ್ಲಾಗಿ ಕಾಯಿಲಿಗೆ ಅಂಟುತ್ತದೆ. ಈ ಕಂಬಳಿ ಹೊದ್ದ ಕಾಯಿಲಿನ ಬಿಸಿ ನೀರಿಗೆ ಬೇಗ ದಾಟುವುದಿಲ್ಲ. ಕಾಯಿಲ್ ತನ್ನ ಬಿಸಿಗೆ ತಾನೇ ಬೆಂದು ಸೀಳುತ್ತದೆ. ನಮ್ಮದು ಸತ್ತಿದ್ದು ಹಾಗೆ.

ಪಕ್ಕದಲ್ಲಿ ಇನ್ನೊಂದು ಸರಳು ಇರಬೇಕಿತ್ತು, ಆ್ಯನೋಡ್ ರಾಡ್. ಮೆಗ್ನೀಸಿಯಂನದು. ಅದು ತಾನು ಸವೆಯುತ್ತ ಉಕ್ಕಿನ ಟ್ಯಾಂಕನ್ನು ತುಕ್ಕಿನಿಂದ ಕಾಯುತ್ತದೆ. ಅದು ಸವೆದು ಮುಗಿದ ದಿನದಿಂದ ತುಕ್ಕು ಟ್ಯಾಂಕಿಗೆ ಹತ್ತುತ್ತದೆ. ನಮ್ಮದರಲ್ಲಿ ಮಧ್ಯದ ಕಬ್ಬಿಣದ ತಂತಿಯೊಂದೇ ಉಳಿದಿತ್ತು. ಈ ಗೀಸರ್ ಹಾಕಿದವರಾಗಲಿ, ಮಾರಿದವರಾಗಲಿ ಆ ರಾಡಿನ ಹೆಸರನ್ನೇ ಎತ್ತಿರಲಿಲ್ಲ. ಬೆಂಗಳೂರಿನಲ್ಲಿ ಎಷ್ಟು ಮನೆಗಳಲ್ಲಿ ಆ ತಂತಿ ಮಾತ್ರ ಉಳಿದಿದೆಯೋ! ಕಾಲಕಾಲಕ್ಕೆ ರಾಡ್ ಬದಲಾಯಿಸಿದ್ದರೆ ಟ್ಯಾಂಕ್ ಇನ್ನೂ ಎಷ್ಟೋ ವರ್ಷ ಬರುತ್ತಿತ್ತು.

ಇಷ್ಟು ನೋಡಿದ ಮೇಲೆ ಅಂಗಡಿಯಲ್ಲಿ ಏನು ಕೇಳಬೇಕು ಅನ್ನುವುದು ಸ್ಪಷ್ಟವಾಯಿತು. ಕಾವೇರಿ ನೀರು ಮಾತ್ರ ಬರುವ ಮನೆಗೆ ಈ ತಲೆನೋವು ಕಡಿಮೆ. ನಮ್ಮಲ್ಲಿ ವಾರದಲ್ಲಿ ಕೆಲವು ದಿನ ಕಾವೇರಿ, ಉಳಿದ ದಿನ ಬೋರ್‌ವೆಲ್, ಬೇಸಿಗೆಯಲ್ಲಿ ಟ್ಯಾಂಕರ್. ಎಲ್ಲ ಒಂದೇ ಸಂಪಿಗೆ. ಆದ್ದರಿಂದ ಗಾಜಿನ ಲೇಪ ಇರುವ ಟ್ಯಾಂಕ್, ದಪ್ಪ ಆ್ಯನೋಡ್, ಮತ್ತು ಮುಖ್ಯವಾಗಿ ಕಾಯಿಲನ್ನೂ ರಾಡನ್ನೂ ಕೆಳಗಿನಿಂದ ಸುಲಭವಾಗಿ ಬಿಚ್ಚಬಹುದಾದ ಮಾದರಿ ಬೇಕೆಂದೆ. ಅಂಗಡಿಯ ಹುಡುಗ ಎಲ್‌ಇಡಿ ಡಿಸ್‌ಪ್ಲೇ, ವೈಫೈ ಅಂತ ಶುರು ಮಾಡಿದ. ನಾನು "ತಮ್ಮಾ, ಆ್ಯನೋಡ್ ಬಿಡಿಯಾಗಿ ಸಿಗುತ್ತಾ ಹೇಳು" ಅಂದೆ. ಅವನು ಒಳಗೆ ಹೋಗಿ ಮಾಲೀಕರನ್ನು ಕರೆದುಕೊಂಡು ಬಂದ.

ಟಿಡಿಎಸ್ ಮೀಟರ್ ಬಗ್ಗೆ ಒಂದು ಮಾತು. ಅದು ನೀರಿನಲ್ಲಿ ಒಟ್ಟು ಏನೆಲ್ಲ ಕರಗಿದೆ ಅನ್ನುವುದರ ಅಂದಾಜು ಕೊಡುತ್ತದೆ, ಗಡಸುತನವನ್ನೇ, ಅಂದರೆ ಸುಣ್ಣ ಕಟ್ಟಿಸುವ ಕ್ಯಾಲ್ಸಿಯಂನಂಥ ಲವಣ ಎಷ್ಟಿದೆ ಅನ್ನುವುದನ್ನೇ, ಬೇರೆಯಾಗಿ ತೋರಿಸುವುದಿಲ್ಲ. ಸಾಫ್ಟನರ್ ಹಾಕಿಸಿದವರು ಆಮೇಲೂ ಟಿಡಿಎಸ್ ಇಳಿದಿಲ್ಲ ಅಂತ ಗೊಣಗುವುದು ಇದಕ್ಕೇ. ಸಾಫ್ಟನರ್ ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಸುಣ್ಣ ಕಟ್ಟುವುದು ನಿಲ್ಲುತ್ತದೆ, ಮೀಟರಿನ ಅಂಕಿ ಹಾಗೇ ಇರುತ್ತದೆ. ಕುಡಿಯುವ ನೀರಿನ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡದಲ್ಲಿ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 600ರ ತನಕ. ಗಡಸುತನ ಅಳೆಯುವ ಸಣ್ಣ ಕಿಟ್ ಸಿಗುತ್ತದೆ, ಅದರಲ್ಲೇ ನೋಡಿ.

ಅಳತೆಯ ಲೆಕ್ಕವನ್ನು ನಾನು ಮನೆಯಲ್ಲೇ ಮಾಡಿಕೊಂಡಿದ್ದೆ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು 0.6 ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ಕರೆಂಟ್ ಬೇಕು. 2000 ವ್ಯಾಟಿನ ಕಾಯಿಲಿಗೆ ಹತ್ತಿರ ಹತ್ತಿರ 20 ನಿಮಿಷ. 25 ಲೀಟರಿಗೆ ಒಂದು ಯೂನಿಟ್, ಅರ್ಧ ಗಂಟೆ. 60 ಡಿಗ್ರಿ ನೀರಿಗೆ ಯಾರೂ ನೇರ ಮೈಯೊಡ್ಡುವುದಿಲ್ಲ, ತಣ್ಣೀರು ಬೆರೆಸಿ ಸುಮಾರು ಎರಡರಷ್ಟಾಗುತ್ತದೆ. ಬಕೆಟ್, ಚೊಂಬಿನಲ್ಲಿ ಸ್ನಾನ ಮಾಡುವ ನಮ್ಮಂಥ ನಾಲ್ಕು ಜನರ ಮನೆಗೆ 15 ಲೀಟರ್ ಧಾರಾಳ. ಶವರ್ ಕೆಳಗೆ ನಿಂತು ಹಾಡು ಹೇಳುವವರಿದ್ದರೆ 25 ತನ್ನಿ.

ಸ್ಟಾರ್ ಲೇಬಲ್ಲಿನ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಕರೆಂಟಿನಿಂದ ನೀರು ಬಿಸಿ ಮಾಡುವುದರಲ್ಲಿ ಎಲ್ಲ ಗೀಸರೂ ಹೆಚ್ಚುಕಡಿಮೆ ಒಂದೇ. ಸ್ಟಾರ್ ಹೇಳುವುದು, ಬಿಸಿಯಾದ ನೀರನ್ನು ಹಾಗೇ ಇಟ್ಟರೆ 24 ಗಂಟೆಯಲ್ಲಿ ಎಷ್ಟು ಬಿಸಿ ಸೋರಿಹೋಗುತ್ತದೆ ಅನ್ನುವುದನ್ನು. ಇಡೀ ದಿನ ಆನ್ ಇಡುವ ಮನೆಗೆ 5 ಸ್ಟಾರ್ ಬೇಕೇ ಬೇಕು. ಬೆಳಿಗ್ಗೆ 20 ನಿಮಿಷ ಹಾಕಿ ಆರಿಸುವ ಮನೆಯಲ್ಲಿ ಅದರ ಲಾಭ ಅಷ್ಟೇನೂ ಕಾಣುವುದಿಲ್ಲ. 8 ಬಾರ್ ಒತ್ತಡ ತಾಳುತ್ತದೆ ಅನ್ನುವ ಜಾಹೀರಾತೂ ಹಾಗೇ. 10 ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ. ನಮ್ಮಂಥ ಎರಡು ಮಹಡಿ ಮನೆಗಳಲ್ಲಿ ಅಷ್ಟು ಬರುವುದೇ ಕಷ್ಟ. ಎತ್ತರದ ಅಪಾರ್ಟ್‌ಮೆಂಟಿನ ಕೆಳಗಿನ ಮಹಡಿಯವರು, ಪ್ರೆಷರ್ ಪಂಪ್ ಹಾಕಿಸಿದವರು ಅದನ್ನು ನೋಡಲೇಬೇಕು. ಗ್ಯಾಸ್ ಗೀಸರಿನ ಯೋಚನೆಯನ್ನಂತೂ ನಾನು ಮಾಡಲೇ ಇಲ್ಲ. ನಮ್ಮ ಬಚ್ಚಲಿಗೆ ಇರುವುದು ಅಂಗೈಯಗಲದ ಕಿಟಕಿ. ಗ್ಯಾಸ್ ಉರಿಯುವಾಗ ಬರಬಹುದಾದ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಕೂರಿಸುವಾಗ ಹಳೆ ಬೋಲ್ಟುಗಳಿಗೇ ಹೊಸದನ್ನು ತೂಗುಹಾಕುವ ಆಸೆ ಬರುತ್ತದೆ. ಹೊಸದರ ಬ್ರಾಕೆಟ್ ಅಳತೆ ಬೇರೆ ಇತ್ತು. ಹಳೆ ಬೋಲ್ಟುಗಳಿಗೆ ತುಕ್ಕೂ ಹಿಡಿದಿತ್ತು. ನೀರು ತುಂಬಿದ 15 ಲೀಟರ್ ಗೀಸರ್ 25 ಕೆಜಿ ಹತ್ತಿರ ತೂಗುತ್ತದೆ, ಅದೂ ತಲೆಯ ಮೇಲೆ. ಪೆಟ್ಟಿಗೆಯಲ್ಲಿ ಬಂದ ಫಾಸ್ಟನರ್‌ಗಳನ್ನೇ ಹಾಕಿದೆ. ಟೈಲ್ಸ್ ಮೇಲೆ ಟೇಪ್ ಅಂಟಿಸಿ, ಡ್ರಿಲ್ಲಿನ ಹ್ಯಾಮರ್ ಮೋಡ್ ಇಲ್ಲದೆ ನಿಧಾನ ಕೊರೆದು, ಟೈಲ್ಸ್ ದಾಟಿದ ಮೇಲೆ ಹ್ಯಾಮರ್ ಹಾಕಬೇಕು. ನಮ್ಮದು ಸಾಲಿಡ್ ಬ್ಲಾಕಿನ ಗೋಡೆ, ಗಟ್ಟಿ ಹಿಡಿಯಿತು. ಟೊಳ್ಳು ಬ್ಲಾಕಿನ ಗೋಡೆಯಾದರೆ ಮೇಸ್ತ್ರಿಯನ್ನು ಕೇಳದೆ ಕೊರೆಯಬೇಡಿ. ಗೀಸರಿನ ಕೆಳಗೆ ಕೈಯಾಡುವಷ್ಟು ಜಾಗ ಬಿಡಿ, ಇಲ್ಲದಿದ್ದರೆ ಮುಂದೆ ಕಾಯಿಲ್ ಮತ್ತು ರಾಡ್ ಎಳೆಯಲು ಆಗುವುದಿಲ್ಲ.

ಪೈಪಿನ ಕೆಲಸದಲ್ಲಿ ಬಿಸಿನೀರಿನ ಕಡೆಗೆ ಬಿಳಿ ಪ್ಲಾಸ್ಟಿಕ್ ಕನೆಕ್ಷನ್ ಪೈಪ್ ಹಾಕಬೇಡಿ, ಬಿಸಿಗೆ ಮೆತ್ತಗಾಗಿ ಒಂದು ದಿನ ಕಳಚಿಕೊಳ್ಳುತ್ತದೆ. ಸ್ಟೀಲ್ ಹೆಣಿಗೆಯದು ತಂದೆ. ಗೋಡೆಯೊಳಗಿನ ಬಿಸಿನೀರಿನ ಲೈನ್ ಬಿಸಿ ತಾಳುವ ಸಿಪಿವಿಸಿ ಪ್ಲಾಸ್ಟಿಕ್ಕಿನದೇ ಅಂತಲೂ ಖಚಿತ ಮಾಡಿಕೊಳ್ಳಿ. ಟೆಫ್ಲಾನ್ ಟೇಪನ್ನು ಮರೆ (ಥ್ರೆಡ್) ತಿರುಗುವ ದಿಕ್ಕಿಗೇ ಸುತ್ತಬೇಕು, ಉಲ್ಟಾ ಸುತ್ತಿದರೆ ಬಿಗಿಯುವಾಗ ಬಿಚ್ಚಿಕೊಂಡು ಬರುತ್ತದೆ. ರಬ್ಬರ್ ವಾಷರ್ ಇರುವ ಕಡೆ ಟೇಪೇ ಬೇಡ.

ಸೇಫ್ಟಿ ವಾಲ್ವ್ ಕೂರುವುದು ನೀಲಿ ಕಡೆ, ಬಾಣದ ಗುರುತು ಗೀಸರಿನ ಕಡೆ. ಇದು ಎರಡು ಕೆಲಸ ಮಾಡುತ್ತದೆ. ಬಿಸಿನೀರು ತಣ್ಣೀರಿನ ಲೈನಿಗೆ ವಾಪಸ್ ಹೋಗದಂತೆ ತಡೆಯುತ್ತದೆ, ಒಳಗೆ ಒತ್ತಡ ಮಿತಿ ಮೀರಿದರೆ ನೀರು ಹೊರಬಿಡುತ್ತದೆ. ನೀರು 25ರಿಂದ 60 ಡಿಗ್ರಿಗೆ ಏರುವಾಗ ನೂರಕ್ಕೆ ಒಂದೂವರೆ ಪಾಲಿನಷ್ಟು ಹಿಗ್ಗುತ್ತದೆ. 15 ಲೀಟರಿಗೆ ಅದು ಒಂದು ದೊಡ್ಡ ಲೋಟ. ಹಿಂದಕ್ಕೆ ಹೋಗಲು ದಾರಿಯಿಲ್ಲ, ಆದ್ದರಿಂದ ವಾಲ್ವಿನ ಮೂತಿಯಿಂದ ತೊಟ್ಟಿಕ್ಕುತ್ತದೆ. ಇದನ್ನು ಲೀಕ್ ಅಂದುಕೊಂಡು ಮೂತಿಗೆ ಬಿರಡೆ ಹಾಕಿರುವ ಮನೆಗಳನ್ನು ನೋಡಿದ್ದೇನೆ. ಅದು ಬಾಂಬ್ ಕಟ್ಟಿಟ್ಟ ಹಾಗೆ. ಮೂತಿಗೆ ಒಂದು ಸಣ್ಣ ಟ್ಯೂಬ್ ಸಿಕ್ಕಿಸಿ ನೆಲದ ಕಡೆ ಇಳಿಬಿಡಿ, ತುದಿ ತೆರೆದೇ ಇರಲಿ. ಬಿಸಿ ಮಾಡದೇ ಇರುವಾಗಲೂ ಧಾರೆ ನಿಲ್ಲದಿದ್ದರೆ ಮಾತ್ರ ವಾಲ್ವ್ ಕೆಟ್ಟಿದೆ ಅಂತ ಲೆಕ್ಕ.

ಕರೆಂಟಿನ ಕಡೆ, 2000 ವ್ಯಾಟ್ ಅಂದರೆ ಸುಮಾರು 9 ಆಂಪಿಯರ್. 16 ಆಂಪಿಯರಿನ ಸಾಕೆಟ್, 2.5 ಚದರ ಮಿಲಿಮೀಟರ್ ತಾಮ್ರದ ವೈರ್, ಪ್ರತ್ಯೇಕ ಎಂಸಿಬಿ ಇರಬೇಕು. ನಮ್ಮ ಹಳೆ ಸಾಕೆಟ್ಟಿನ ಒಂದು ತೂತು ಕಂದು ಬಣ್ಣಕ್ಕೆ ತಿರುಗಿತ್ತು, ಅದನ್ನೂ ಬದಲಾಯಿಸಿದೆ. ಅರ್ಥಿಂಗ್ ನೋಡಲು ಟೆಸ್ಟರ್ ಸಾಲದು. ಮಲ್ಟಿಮೀಟರಿನಲ್ಲಿ ಫೇಸ್–ನ್ಯೂಟ್ರಲ್ ನಡುವೆ 230 ಬಂದರೆ, ಫೇಸ್–ಅರ್ಥ್ ನಡುವೆಯೂ ಅದರ ಹತ್ತಿರವೇ ಬರಬೇಕು. ಬರಲಿಲ್ಲವಾದರೆ ಗೀಸರ್ ಹಾಗೇ ಇರಲಿ, ಮೊದಲು ಎಲೆಕ್ಟ್ರಿಷಿಯನ್ ಕರೆಸಿ. ಮೀಟರ್ ಹಿಡಿದು ಅಭ್ಯಾಸ ಇಲ್ಲದವರು ಈ ಭಾಗವನ್ನು ಪೂರ್ತಿ ಅವರಿಗೇ ಬಿಡಿ.

ಸ್ವಿಚ್ ಹಾಕುವ ಮುಂಚೆ ಟ್ಯಾಂಕ್ ತುಂಬಬೇಕು. ಬಿಸಿನೀರಿನ ನಲ್ಲಿ ತೆರೆದಿಟ್ಟು ಆ್ಯಂಗಲ್ ಕಾಕ್ ಬಿಟ್ಟೆ. ಮೊದಲು ಬುಸ್ ಬುಸ್ ಗಾಳಿ, ಆಮೇಲೆ ಉಗುಳುಗುಳು, ಕೊನೆಗೆ ಸರಿಯಾದ ಧಾರೆ. ಧಾರೆ ಬಂದ ಮೇಲೂ ಸ್ವಲ್ಪ ಹೊತ್ತು ಬಿಟ್ಟು, ಎಲ್ಲ ಜಾಯಿಂಟಿಗೂ ಒಣ ಟಿಶ್ಯೂ ಒತ್ತಿ ನೋಡಿ, ಆಮೇಲೆ ಪ್ಲಗ್ ಹಾಕಿದೆ. ನೀರಿಲ್ಲದೆ ಆನ್ ಮಾಡಿದರೆ ಹೊಸ ಕಾಯಿಲ್ ನಿಮಿಷಗಳಲ್ಲಿ ಸುಡಬಹುದು, ವಾರಂಟಿಯ ಮಾತಿಗೂ ಕಷ್ಟ. ಕಂಪನಿಯವರೇ ಬಂದು ಕೂರಿಸಿದರೆ ಮಾತ್ರ ವಾರಂಟಿ ಅನ್ನುವ ಷರತ್ತೂ ಕೆಲವು ಕಡೆ ಇರುತ್ತದೆ. ಕೈ ಹಾಕುವ ಮೊದಲು ಕಾರ್ಡಿನ ಸಣ್ಣ ಅಕ್ಷರ ಓದಿಕೊಳ್ಳಿ.

ಥರ್ಮೋಸ್ಟಾಟನ್ನು 60 ದಾಟಿಸಿಲ್ಲ. ಬಿಸಿ ಏರಿದಷ್ಟೂ ಸುಣ್ಣ ಬೇಗ ಕಟ್ಟುತ್ತದೆ. ನಮ್ಮ ಮಲೆನಾಡಿನ ಮನೆಯಲ್ಲಿ ದೀಪಾವಳಿಗೆ ಮುಂಚೆ, ನೀರು ತುಂಬುವ ಹಬ್ಬಕ್ಕೆ, ಬಚ್ಚಲ ಹಂಡೆಯನ್ನು ತಿಕ್ಕಿ ತೊಳೆದು ಹೊಸ ನೀರು ತುಂಬುತ್ತಾರೆ. ಗೀಸರ್ ತೊಳೆಯಲು ಅದೇ ಒಳ್ಳೆಯ ಸಮಯ ಅನ್ನಿಸಿತು. ಚಳಿ ಶುರುವಾಗುವ ಮುಂಚೆ ಕೆಲಸ ಮುಗಿದಿರುತ್ತದೆ, ದಿನಾಂಕವೂ ಮರೆಯುವುದಿಲ್ಲ. ನೀರು ಖಾಲಿ ಮಾಡಿ, ಕಾಯಿಲ್ ಇಳಿಸಿ ಸುಣ್ಣ ತೆಗೆದು, ರಾಡ್ ಎಷ್ಟು ಸವೆದಿದೆ ನೋಡಿ, ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚುವುದು. ರಾಡ್ ಅರ್ಧಕ್ಕಿಂತ ತೆಳ್ಳಗಾಗಿದ್ದರೆ ಬದಲಾಯಿಸಿಬಿಡುವುದು. ಅಮ್ಮನಿಗೆ ಇದನ್ನು ಹೇಳಿದೆ. "ಹಾಗಾದ್ರೆ ಅದಕ್ಕೂ ಎರಡು ಗೆರೆ ಸುಣ್ಣ ಬಳಿ" ಅಂದರು. "ಸುಣ್ಣ ಒಳಗೇ ಇದ್ಯಮ್ಮಾ" ಅಂದೆ.

ಹಳೆಯದನ್ನು ಗುಜರಿಗೆ ಕೊಡುವ ಮುಂಚೆ ತಾಮ್ರದ ಕಾಯಿಲನ್ನೂ ವೈರನ್ನೂ ಬೇರೆ ಮಾಡಿ ತೂಗಿಸಿ. ಒಟ್ಟಿಗೆ ಕೊಟ್ಟರೆ ಎಲ್ಲಕ್ಕೂ ಕಬ್ಬಿಣದ ರೇಟೇ ಹಾಕುತ್ತಾರೆ.