ಮುರಕಲ್ಲಿನ ಮೈದಾನದಲ್ಲಿ ಡಿಸ್ಕ್ ಗಾಲ್ಫ್: ಆರು ಹೋಲಿನ ಶಾಲಾ ಕೋರ್ಸ್

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಶಾಲೆ ಮೈದಾನ ಅಂದರೆ ಹೆಚ್ಚಾಗಿ ಗುಡ್ಡೆ ಕಡಿದು ಸಮ ಮಾಡಿದ ಮುರಕಲ್ಲಿನ ನೆಲ. ಒಂದು ಕಡೆ ಬರೆ (ಗುಡ್ಡೆ ಕಡಿದಲ್ಲಿ ಉಳಿದ ಮಣ್ಣಿನ ಗೋಡೆ), ಇನ್ನೊಂದು ಕಡೆ ಇಳಿಜಾರು, ಅದರ ಬುಡದಲ್ಲಿ ಯಾರದೋ ಕಂಗಿನ ತೋಟ. ಇಂಥ ಕಡೆ ದೂರ ಎಸೆಯುವವನಿಗಿಂತ, ಡಿಸ್ಕನ್ನು (ಎಸೆಯುವ ಪ್ಲಾಸ್ಟಿಕ್ ತಟ್ಟೆಯನ್ನು) ಬಿದ್ದಲ್ಲೇ ಮಲಗಿಸುವವನಿಗೆ ಸ್ಕೋರು ಕಮ್ಮಿ ಬರುತ್ತದೆ. ಕಮ್ಮಿ ಬಂದವನೇ ಗೆದ್ದ ಹಾಗೆ.

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು: ಗೋಲಿಯಾಟದ ಹಾಗೆಯೇ, ಡಿಸ್ಕು ನಿಂತಲ್ಲಿಂದ ಮುಂದಿನ ಎಸೆತ. ಗುಳಿಯ ಬದಲು ಸರಪಳಿ ತೂಗಿಸಿದ ಬುಟ್ಟಿ. ಟೀ ಎಂಬ ಗುರುತಿನಿಂದ ಶುರುಮಾಡಿ ಬುಟ್ಟಿ ಸೇರುವ ತನಕದ ಎಸೆತಗಳ ಎಣಿಕೆಯೇ ಸ್ಕೋರು. ಒಂದು ಟೀಯಿಂದ ಅದರ ಬುಟ್ಟಿಯ ತನಕದ್ದು ಒಂದು ಹೋಲು. ಸಣ್ಣ ಕೋರ್ಸಿನಲ್ಲಿ ಎಲ್ಲ ಹೋಲಿಗೂ ಪಾರ್ (ಇಷ್ಟು ಎಸೆತಕ್ಕೆ ಮುಗಿಯಬೇಕೆಂಬ ಲೆಕ್ಕ) 3 ಇಟ್ಟರೆ ತಲೆಬಿಸಿ ಇಲ್ಲ.

ನಾವು ಒಂದೂವರೆ ಎಕರೆಯಲ್ಲಿ ಹಾಕಿದ್ದು ಆರು ಹೋಲು. ಉದ್ದ ಕ್ರಮವಾಗಿ 28, 34, 41, 25, 52, 31 ಮೀಟರ್, ಒಟ್ಟು 211. ಯು.ಪಿ. (5ರಿಂದ 7ನೇ) ತರಗತಿಯ ಮಕ್ಕಳು ಪಟರ್ (ಮೊಂಡು ಅಂಚಿನ, ನಿಧಾನ ಹಾರುವ ಡಿಸ್ಕು) ಹಿಡಿದು 20–30 ಮೀಟರ್ ಎಸೆಯುತ್ತಾರೆ, ಹೊಸ ದೊಡ್ಡವರು 40–50. ಆದ್ದರಿಂದ ಎರಡು ಎಸೆತಕ್ಕೆ ಬುಟ್ಟಿಯ ಹತ್ತಿರ, ಮೂರನೆಯದಕ್ಕೆ ಒಳಗೆ ಎಂಬ ಲೆಕ್ಕ. 52 ಮೀಟರಿನದ್ದು ಒಂದೇ ಸಾಕು. ಇನ್ನೊಂದು ಸೇರಿಸಿದರೆ ಗೆರೆಗಳು ಒಂದಕ್ಕೊಂದು ಅಡ್ಡ ಬರುತ್ತವೆ, ಆಮೇಲೆ ಯಾರ ತಲೆಗೆ ಯಾರ ಡಿಸ್ಕು ಎಂದು ನೋಡಲಿಕ್ಕೆ ಒಬ್ಬ ಬೇಕು.

ಅಳೆಯುವಾಗ ಮೊದಲು ಟೀ ಗುರುತು ಮಾಡುವುದು ಎಲ್ಲರೂ ಮಾಡುವ ತಪ್ಪು. ಮೊದಲು ಬುಟ್ಟಿಯ ಜಾಗ ನೋಡಬೇಕು. ಬುಟ್ಟಿಯ ಹಿಂದೆ ಕನಿಷ್ಠ 10 ಮೀಟರ್ ಏನೂ ಇರಬಾರದು: ಕಿಟಕಿ, ಬಾವಿ, ಬಿಸಿಯೂಟದ ಅಡುಗೆಕೋಣೆಗೆ ಹೋಗುವ ದಾರಿ, ಯಾವುದೂ. ಇಳಿಜಾರಿನ ತುದಿಗೆ ಬುಟ್ಟಿ ನಿಲ್ಲಿಸಲೇಬೇಡಿ; ತಪ್ಪಿದ ಒಂದೊಂದು ಪಟ್ (ಬುಟ್ಟಿಗೆ ಹಾಕುವ ಹತ್ತಿರದ ಎಸೆತ) ಕೂಡ ತೋಟಕ್ಕೆ ಇಳಿಯುತ್ತದೆ. ಬರೆ ಮಾತ್ರ ಹಿಂದಿದ್ದರೆ ಅಡ್ಡಿಯಿಲ್ಲ; ಬುಟ್ಟಿ ಆ ಕಡೆಗಿದ್ದರೆ ಬರೆಯೇ ಗೋಡೆಯಾಗಿ ತಡೆಯುತ್ತದೆ. ಗೇರುಮರದ ಅಡಿಯೂ ಬೇಡ. ತಗ್ಗಿದ ಕೊಂಬೆಗಳಲ್ಲಿ ಡಿಸ್ಕು ಸಿಕ್ಕಿಕೊಂಡರೆ ದೋಟಿ ತರಲಿಕ್ಕೇ ಪೀರಿಯಡ್ ಮುಗಿಯುತ್ತದೆ. ಬುಟ್ಟಿ ಗೊತ್ತಾದ ಮೇಲೆ 30 ಮೀಟರಿನ ಟೇಪು ಹಿಡಿದು ಹಿಂದಕ್ಕೆ ಬಂದು ಟೀ ಗುರುತಿಸಬೇಕು. ಒಂದು ಮೀಟರ್ ಅಗಲ, ಎರಡು ಮೀಟರ್ ಉದ್ದದ ಸುಣ್ಣದ ಚೌಕಟ್ಟು ಸಾಕು. ಓಡಿ ಬಂದು ಎಸೆಯುವ ಕ್ರಮ ಇಲ್ಲಿ ಬೇಡ. 50 ಮೀಟರಿಗೆ ನಿಂತ ಎಸೆತ ಧಾರಾಳ ಆಯಿತು, ಮೇಲಾಗಿ ಮಳೆಗಾಲದಲ್ಲಿ ಪಾಚಿ ಹಿಡಿದ ಮುರಕಲ್ಲು ಯಾರನ್ನೂ ಬಿಡುವುದಿಲ್ಲ. ಟೀ ಮೇಲೆ ಸ್ವಲ್ಪ ಹೊಯಿಗೆ ಹರಡಿದರೆ ಒಳ್ಳೆಯದು.

ಇನ್ನು ಗಾಳಿ. ಬೇಸಿಗೆಯಲ್ಲಿ ಹೊತ್ತೇರಿದ ಮೇಲೆ ಪಡುವಣದಿಂದ ಕಡಲಗಾಳಿ ಬೀಸಲು ತೊಡಗುತ್ತದೆ. ಪಡುವಣಕ್ಕೆ ಮುಖ ಮಾಡಿದ ಹೋಲು ಅಪರಾಹ್ನದಲ್ಲಿ ಪೂರ್ತಿ ಎದುರುಗಾಳಿ. ಎದುರುಗಾಳಿಗೆ ಬಲಗೈಯವರ ಡಿಸ್ಕು ಬಲಕ್ಕೆ ಮಗುಚುತ್ತದೆ, ಬಲ ಅಂಚಿನಲ್ಲಿ ಇಳಿಯುತ್ತದೆ, ಅಲ್ಲಿಂದ ಉರುಳುತ್ತದೆ. ಹಾಗಾಗಿ ಪಡುವಣದ ಹೋಲುಗಳನ್ನು ಗಿಡ್ಡ ಮಾಡಿ, ಉದ್ದದ್ದನ್ನು ಮೂಡಣಕ್ಕೆ ತಿರುಗಿಸಿಟ್ಟೆವು.

ಉರುಳುವುದು ಯಾಕೆ ಎಂದು ಒಮ್ಮೆ ತಿಳಿದರೆ ಅರ್ಧ ಆಟ ಕೈವಶ. ಬಲಗೈಯವರು ಬ್ಯಾಕ್‌ಹ್ಯಾಂಡ್ (ಕೈಯನ್ನು ಎದೆಯ ಅಡ್ಡ ತಂದು, ಹಿಂಗೈ ಮುಂದಾಗಿ) ಎಸೆದ ಡಿಸ್ಕು ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಎಡ ಅಂಚು ಮೊದಲು ನೆಲಕ್ಕೆ ತಾಗಿತು ಎನ್ನಿ. ಆ ಅಂಚು ಮುಂದಕ್ಕೇ ತಿರುಗುತ್ತಿರುವುದರಿಂದ ನೆಲ ಅದನ್ನು ಹಿಂದಕ್ಕೆ ಉಜ್ಜಿ ಹಿಡಿಯುತ್ತದೆ. ಒಂದೆರಡು ಸಲ ಜಾರಿ ಮಲಗುತ್ತದೆ. ಬಲ ಅಂಚು ತಾಗಿದರೆ ಕತೆ ಬೇರೆ. ಆ ಅಂಚು ಹಿಂದಕ್ಕೆ ತಿರುಗುತ್ತಿರುತ್ತದೆ, ಓಡುವ ಸೈಕಲ್ ಚಕ್ರದ ತಳದ ಹಾಗೆ. ಎದ್ದು ನಿಂತು ಉರುಳಿಯೇ ಹೋಗುತ್ತದೆ. ಹುಲ್ಲಿನ ಮೇಲೆ ಐದು ಮೀಟರಿಗೆ ನಿಲ್ಲುವಂಥದ್ದು ಬೋಳು ಪಾರೆಯ ಮೇಲೆ ಎಲ್ಲಿ ನಿಲ್ಲುತ್ತದೋ ಹೇಳಲಾಗದು.

ಪರಿಹಾರ ಇಷ್ಟೇ: ಬಿಡುವಾಗ ಡಿಸ್ಕಿನ ಎಡ ಅಂಚು ಎರಡು–ಮೂರು ಬೆರಳಿನ ಅಗಲದಷ್ಟು ತಗ್ಗಿರಲಿ, 10–15 ಡಿಗ್ರಿ. ಎತ್ತರ ಮೂರು ಮೀಟರ್ ದಾಟಬಾರದು. ತೀರಾ ಕಡಿದಾಗಿ, ನೆಟ್ಟಗೆ ಕತ್ತಿಯ ಹಾಗೆ ಬಿಟ್ಟರೆ ಎಡ ಅಂಚಿನಲ್ಲಿ ಬಿದ್ದರೂ ಎದ್ದು ನಿಂತು ಇಳಿಜಾರು ಹಿಡಿಯುತ್ತದೆ. ಎಡಗೈಯವರಿಗೆ ಇದೆಲ್ಲ ಕನ್ನಡಿಯಲ್ಲಿ ನೋಡಿದಂತೆ ಅದಲುಬದಲು.

ಎಸೆತದಲ್ಲಿ ಕಾಣುವ ತಪ್ಪು ಮೂರು. ಡಿಸ್ಕು ಗುರಿಯ ಎಡಕ್ಕೆ ಹೋದರೆ ಕೈ ಬೇಗ ಬಿಟ್ಟಿದೆ. ಬಲಕ್ಕೆ ಹೋದರೆ ತಡವಾಗಿ ಬಿಟ್ಟಿದೆ, ಇಲ್ಲವೇ ಕೈ ಎದೆಯ ಮುಂದೆ ನೇರ ಬರುವ ಬದಲು ಮೈಸುತ್ತಿ ಬಂದಿದೆ. ಮೇಲಕ್ಕೆ ಏರಿ, ಅಲ್ಲೇ ನಿಂತು, ಎಡಕ್ಕೆ ದೊಪ್ಪನೆ ಬಿದ್ದರೆ ಮೂಗು ಎತ್ತಿದೆ, ಅಂದರೆ ಮುಂದಿನ ಅಂಚು ಹಿಂದಿನದಕ್ಕಿಂತ ಮೇಲಿತ್ತು. ಮಕ್ಕಳಲ್ಲಿ ಮೂಗೆತ್ತುವುದೇ ಹೆಚ್ಚು. ಮಣಿಕಟ್ಟನ್ನು ಸ್ವಲ್ಪ ಕೆಳಕ್ಕೆ ಒತ್ತಿ, ಹೆಬ್ಬೆರಳನ್ನು ಡಿಸ್ಕಿನ ಮೇಲ್ಮೈಗೆ ಗಟ್ಟಿ ಊರಿದರೆ ಸರಿಯಾಗುತ್ತದೆ. "ಚಾ ಗ್ಲಾಸಿನ ತಟ್ಟೆ ಹಿಡಿದ ಹಾಗೆ, ಚಾ ಚೆಲ್ಲಬಾರದು" ಎಂದರೆ ಮಕ್ಕಳಿಗೆ ಬೇಗ ಹೊಳೆಯುತ್ತದೆ.

ಡಿಸ್ಕು ಕೊಳ್ಳುವಾಗ ಡ್ರೈವರ್ ಎಂಬ ಚೂಪು ಅಂಚಿನದ್ದು ಶಾಲೆಯೊಳಗೆ ತರಲೇಬೇಡಿ. ತಾಗಿದರೆ ಗಾಯ, ತಾಗದಿದ್ದರೂ ಲಾಭವಿಲ್ಲ: ಕೈಯ ವೇಗ ಸಾಲದೆ ಇದ್ದಲ್ಲಿ ಅದು ಅರ್ಧದಾರಿಯಲ್ಲೇ ಎಡಕ್ಕೆ ಇಳಿಯುತ್ತದೆ. ಡಿಸ್ಕಿನ ಮೇಲೆ ನಾಲ್ಕು ಅಂಕೆಗಳಿರುತ್ತವೆ: ಸ್ಪೀಡ್ (ಬೇಕಾದ ವೇಗ), ಗ್ಲೈಡ್ (ತೇಲುವಿಕೆ), ಟರ್ನ್ (ಮೊದಲಿಗೆ ಬಲಕ್ಕೆ ತಿರುಗುವುದು), ಫೇಡ್ (ಕೊನೆಗೆ ಎಡಕ್ಕೆ ಬಾಗುವುದು). ಸ್ಪೀಡ್ 2 ಅಥವಾ 3, ಟರ್ನ್ 0, ಫೇಡ್ 1ರ ಒಳಗಿನ ಪಟರ್ ನೋಡಿ ತೆಗೆದುಕೊಳ್ಳಿ. ದೊಡ್ಡವರಿಗೆ 170–175 ಗ್ರಾಂ, ಮಕ್ಕಳಿಗೆ 140–150. ಅಗಲ ಸುಮಾರು 21 ಸೆಂಟಿಮೀಟರ್. ಅದು ಸಿಗದಿದ್ದರೆ ಅಲ್ಟಿಮೇಟ್ ಎಂಬ, ಡಿಸ್ಕು ಎಸೆದು ಹಿಡಿಯುವ ತಂಡದ ಆಟದ 175 ಗ್ರಾಮಿನ ಡಿಸ್ಕು ನಡೆಯುತ್ತದೆ. ಅದು 27 ಸೆಂಟಿಮೀಟರ್ ಅಗಲ, ಬುಟ್ಟಿಯೊಳಗೆ ಹೊಗಿಸುವುದು ಕಷ್ಟ, ಆದರೆ ಹಾರಾಟ ನೆಟ್ಟಗೆ. ಬೀಚಿನ ಆಟಿಕೆ ತಟ್ಟೆ ಮಾತ್ರ ಕಡಲಗಾಳಿಗೆ ಎಲೆಯ ಹಾಗೆ. ಬಣ್ಣವೂ ಮುಖ್ಯ. ಕೆಂಪು ಮುರಕಲ್ಲಿನಲ್ಲಿ ಕಾಣುವುದಿಲ್ಲ, ಹಳದಿ ಒಣಗಿದ ಮುಳಿಹುಲ್ಲಿನಲ್ಲಿ, ಹಸಿರು ಮಳೆಗಾಲದಲ್ಲಿ. ನೀಲಿ ಇಲ್ಲವೇ ಗುಲಾಬಿ ತೆಗೆದುಕೊಳ್ಳಿ. ಕಲ್ಲಿಗೆ ತಾಗಿ ಅಂಚು ಮುಳ್ಳುಮುಳ್ಳಾದರೆ ಬೆರಳು ಕುಯ್ಯುತ್ತದೆ. ನಯವಾದ ಸ್ಯಾಂಡ್‌ಪೇಪರಿನಲ್ಲಿ ಮುಳ್ಳಷ್ಟೇ ತೆಗೆಯಿರಿ, ಅಂಚಿನ ಆಕಾರ ಕೆಡಿಸಬೇಡಿ.

ಬುಟ್ಟಿ ಆರೂ ಕೊಳ್ಳಬೇಕೆಂದಿಲ್ಲ. 1975ರಲ್ಲಿ ಡಿಸ್ಕ್ ಗಾಲ್ಫಿನ ಪಿತಾಮಹ ಎನಿಸಿದ ಎಡ್ ಹೆಡ್ರಿಕ್ ಕ್ಯಾಲಿಫೋರ್ನಿಯದ ಓಕ್ ಗ್ರೋವ್ ಪಾರ್ಕಿನಲ್ಲಿ ಕೋರ್ಸ್ ಹಾಕಿದಾಗ ಗುರಿಯಾಗಿದ್ದದ್ದು ಬರೀ ಕಂಬಗಳು, ಸರಪಳಿಯ ಬುಟ್ಟಿ ಆಮೇಲೆ ಬಂತು. ಎರಡು ಬುಟ್ಟಿ, ನಾಲ್ಕು ಕಂಬ ಇದ್ದರೆ ಆಟ ನಡೆಯುತ್ತದೆ.

ಬುಟ್ಟಿಗೆ ಗುಜರಿಯ ಸೈಕಲ್ ರಿಮ್ ಹೇಳಿ ಮಾಡಿಸಿದಂತಿದೆ. ದೊಡ್ಡವರ ಹಳೆ ಸೈಕಲ್ಲಿನ 28 ಇಂಚಿನ ರಿಮ್ ಸುಮಾರು 65 ಸೆಂಟಿಮೀಟರ್ ಅಗಲ, ಅದು ಬುಟ್ಟಿಯ ಬಾಯಿ. 24 ಇಂಚಿನದ್ದು ಸುಮಾರು 55, ಅದು ಸರಪಳಿ ತೂಗಿಸುವ ಬಳೆ. ಬಾಯಿ ನೆಲದಿಂದ 82 ಸೆಂಟಿಮೀಟರ್ ಮೇಲೆ, ಸರಪಳಿಯ ಬಳೆ 132ರಲ್ಲಿ. ಬದಿಗೆ 20 ಸೆಂಟಿಮೀಟರ್ ಅಗಲ, 2.1 ಮೀಟರ್ ಉದ್ದದ ವೆಲ್ಡ್ ಮೆಶ್ ಪಟ್ಟಿ, ತಳಕ್ಕೆ ಅದರದ್ದೇ ದುಂಡು ತುಂಡು. ಕ್ರೋಮ್, ಸತುವಿನ ಲೇಪ ಇರುವಲ್ಲಿ ಉಜ್ಜಿ ತೆಗೆಯದೆ ವೆಲ್ಡಿಂಗ್ ಮಾಡಿಸಬೇಡಿ, ಆ ಹೊಗೆ ಕೆಟ್ಟದ್ದು. ಕಂಬ ಒಂದೂವರೆ ಇಂಚಿನ ಜಿ.ಐ. ಪೈಪು, ಅದನ್ನು ಇಳಿಸಲು ನೆಲದಲ್ಲಿ ಕಾಂಕ್ರೀಟು ಹಾಕಿ ಕೂರಿಸುವ ತೋಳು (ಹೊರಗೊಳವೆ) ಎರಡಿಂಚಿನ ಪೈಪು, 50 ಸೆಂಟಿಮೀಟರ್ ಉದ್ದ. ಮುರಕಲ್ಲಿನಲ್ಲಿ ಆ ಗುಂಡಿ ತೆಗೆಯಲು ಹಾರೆಯೇ ಗತಿ. ತೋಳಿನ ಬಾಯಿ ನೆಲಮಟ್ಟಕ್ಕಿಂತ ಎರಡು ಸೆಂಟಿಮೀಟರ್ ಕೆಳಗಿರಲಿ, ಕಂಬ ತೆಗೆದಾಗ ಮುಚ್ಚಳ ಹಾಕಿ. ಇಲ್ಲದಿದ್ದರೆ ಓಡುವ ಮಕ್ಕಳ ಕಾಲು ಸಿಕ್ಕುತ್ತದೆ.

ಸರಪಳಿ ಹಾಕುವಲ್ಲಿ ಹೆಚ್ಚಿನವರು ಎಡವುತ್ತಾರೆ. 36 ತೂತಿನ ರಿಮ್ ಆದರೆ ಎರಡು ತೂತು ಬಿಟ್ಟು ಮೂರನೆಯದಕ್ಕೆ ಒಂದರಂತೆ 12 ಸರಪಳಿ, ಒಂದೊಂದೂ 75 ಸೆಂಟಿಮೀಟರ್. ಎಲ್ಲದರ ಕೆಳತುದಿ ಕಂಬದ ಸುತ್ತ ಸಡಿಲವಾಗಿರುವ ಸಣ್ಣ ಬಳೆಗೆ ಸೇರಬೇಕು; ಆ ಬಳೆ ಬುಟ್ಟಿಯ ತಳದಿಂದ ಎಂಟು–ಹತ್ತು ಸೆಂಟಿಮೀಟರ್ ಮೇಲೆ. ಒಳಗೆ ಇನ್ನೊಂದು ಸಾಲು, ಆರು ಸರಪಳಿ. ಉದ್ದ ಕಮ್ಮಿ ಮಾಡಿ ಬಿಗಿ ಕಟ್ಟಿದರೆ ಡಿಸ್ಕು ಚೆಂಡಿನ ಹಾಗೆ ಪುಟಿದು ಹೊರಗೆ. ಒಳಸಾಲು ಬಿಟ್ಟರೆ ಕಂಬದ ಪಕ್ಕದಿಂದ ತೂರಿ ಹಿಂದಿನಿಂದ ಹೊರಬೀಳುತ್ತದೆ. ಖರ್ಚು ಉಳಿಸಲು ನಾರಿನ ಹಗ್ಗ ತೂಗಿಸಿದರೆ ಅದೂ ಆಗದು: ಡಿಸ್ಕಿನ ವೇಗ ಹೀರುವುದು ಸರಪಳಿಯ ಭಾರ, ಹಗ್ಗ ಬರೀ ಅತ್ತ ಸರಿದು ದಾರಿ ಬಿಡುತ್ತದೆ. ತೂಗಿಸುವ ಎಸ್ ಕೊಕ್ಕೆಗಳ ಎರಡೂ ಬಾಯಿಯನ್ನು ಇಕ್ಕಳದಿಂದ ಒತ್ತಿ ಮುಚ್ಚಿ. ಬಿಟ್ಟರೆ ಒಂದು ಗಟ್ಟಿ ಹೊಡೆತಕ್ಕೆ ಸರಪಳಿ ಕಳಚುತ್ತದೆ. ಸದ್ದು ಸಾಕಷ್ಟಿದೆ, ಪಾಠ ನಡೆಯುವ ಕೋಣೆಯ ಹತ್ತಿರ ಕಂಬದ ಹೋಲು ಇಟ್ಟರೆ ಹೆಡ್‌ಮಾಸ್ತರಿಗೂ ನೆಮ್ಮದಿ.

ಪಟ್ ಮಾಡುವಾಗ ಬಲಗೈಯವರು ಕಂಬಕ್ಕಿಂತ ಸ್ವಲ್ಪ ಬಲಕ್ಕಿರುವ ಸರಪಳಿಯ ಒಂದು ಕೊಂಡಿ ನೋಡಿ ಎಸೆಯಬೇಕು, ಕೊನೆಗೆ ಎಡಕ್ಕೆ ಬಾಗಿ ನಡುವೆ ಬಂದು ಹೊಡೆಯುತ್ತದೆ. ಇಡೀ ಬುಟ್ಟಿ ನೋಡಿದರೆ ಬುಟ್ಟಿಯ ಅಂಚಿಗೆ ಹೋಗುತ್ತದೆ. ಮೂರು, ಐದು, ಏಳು ಮೀಟರಿನಿಂದ ಐದೈದು ಡಿಸ್ಕು, ದಿನಕ್ಕೆ ಹತ್ತು ನಿಮಿಷ ಸಾಕು. 10 ಮೀಟರಿನ ಒಳಗಿನ ಎಸೆತದಲ್ಲಿ ಬಿಟ್ಟ ಮೇಲೆ ಮೈ ಸ್ಥಿರವಾಗಿ ನಿಂತಿತು ಎಂದು ತೋರಿಸಿಯೇ ಮುಂದೆ ಹೆಜ್ಜೆ ಇಡಬೇಕು. ಎಸೆದ ರಭಸಕ್ಕೆ ಮುಂದೆ ಬಿದ್ದರೆ ತಪ್ಪು.

ಡಿಸ್ಕು ನಿಂತ ಜಾಗಕ್ಕೆ ಗುರುತು ಇಡಲು ಅಡಿಕೆ ಹಾಳೆಯಲ್ಲಿ 10 ಸೆಂಟಿಮೀಟರಿನ ಬಿಲ್ಲೆ ಕತ್ತರಿಸಿ ಕೊಟ್ಟರೆ ಆಯಿತು. ಗುರುತನ್ನು ಡಿಸ್ಕಿಗೆ ತಾಗಿಸಿ ಬುಟ್ಟಿಯ ಕಡೆಗೆ ಇಡುವುದು, ಆಮೇಲೆ ಅದರ ಹಿಂದೆ ನಿಲ್ಲುವುದು. ಕಾಲಿಗೆ ಸಿಗುವ ಜಾಗ 20 ಸೆಂಟಿಮೀಟರ್ ಅಗಲ, 30 ಉದ್ದ. ಹಂಚಿನ ಮಾಡು, ಬೇಲಿಯಾಚೆಯ ತೋಟ, ಬಾವಿಯ ಸುತ್ತಿನ ಐದು ಮೀಟರ್ ನಮ್ಮಲ್ಲಿ ಗೆರೆ ಹೊರಗೆ: ಒಂದು ಎಸೆತ ದಂಡ, ಗೆರೆ ದಾಟಿದ ಜಾಗದಿಂದ ಒಂದು ಮೀಟರ್ ಒಳಗೆ ಬಂದು ಆಡುವುದು. ಗಾಲ್ಫ್ ಡಿಸ್ಕುಗಳಲ್ಲಿ ಹೆಚ್ಚಿನವು ನೀರಿನಲ್ಲಿ ಮುಳುಗುತ್ತವೆ, ಹಾಗಾಗಿ ಬಾವಿಗೆ ಬಲೆ ಕಡ್ಡಾಯ. ಮರದಲ್ಲಿ ಸಿಕ್ಕಿಕೊಂಡರೆ ದಂಡ ಇಲ್ಲ, ಅದರ ನೇರ ಕೆಳಗಿನಿಂದ ಮುಂದುವರಿಸುವುದು. ಕಳೆದುಹೋದರೆ ಮೂರು ನಿಮಿಷ ಹುಡುಕಬಹುದು, ಆಮೇಲೆ ಒಂದು ದಂಡ. ತರಗೆಲೆಯ ರಾಶಿಯೊಳಗೆ ಕೋಲು ಹಾಕದೆ ಕೈ ಹಾಕಬಾರದು. ಕನ್ನಡಿ ಹಾವಿಗೆ ಆಟದ ನಿಯಮ ಗೊತ್ತಿಲ್ಲ.

ಒಂದು ತರಗತಿಯ 24 ಮಕ್ಕಳಾದರೆ ನಾಲ್ವರ ಆರು ಗುಂಪು ಮಾಡಿ, ಒಂದೊಂದು ಗುಂಪು ಒಂದೊಂದು ಹೋಲಿನಿಂದ ಒಟ್ಟಿಗೆ ಶುರು. ಒಂದು ಹೋಲಿಗೆ ಆರೇಳು ನಿಮಿಷ ಹಿಡಿಯುತ್ತದೆ. ಬುಟ್ಟಿಯಿಂದ ಅತಿ ದೂರ ಇರುವವನು ಮೊದಲು, ಉಳಿದವರು ಅವನ ಹಿಂದೆ. ಇದೊಂದನ್ನು ಮೊದಲ ದಿನವೇ ಗಟ್ಟಿ ಹಿಡಿಯಬೇಕು.

ಮಳೆಗಾಲದಲ್ಲಿ ಒದ್ದೆ ಡಿಸ್ಕು ಕೈಯಿಂದ ಜಾರುತ್ತದೆ, ಪ್ರತಿ ಗುಂಪಿಗೂ ಒಂದು ಬೈರಾಸು ಬೇಕು. ಸರಪಳಿಯ ಬಳೆಯನ್ನು ಕಂಬಕ್ಕೆ ವೆಲ್ಡಿಂಗ್ ಮಾಡಿಸದೆ ಬೋಲ್ಟಿನಲ್ಲಿ ಕೂರಿಸಿದರೆ ಜೂನಿಗೆ ಬಿಚ್ಚಿ ಮಾಡಿನಡಿ ತೂಗಿಸಬಹುದು. ತುಕ್ಕಿಗೆಂದು ಹಳೆ ಇಂಜಿನ್ ಆಯಿಲ್ ಬಳಿಯಬೇಡಿ, ಡಿಸ್ಕು, ಕೈ, ಯೂನಿಫಾರ್ಮ್ ಮೂರೂ ಕಪ್ಪು. ಖಾಲಿ ಉಳಿದ ಕಂಬದ ಮೇಲೆ 80ರಿಂದ 130 ಸೆಂಟಿಮೀಟರಿನ ನಡುವೆ ಬಿಳಿ ಪಟ್ಟಿ ಬಳಿಯಿರಿ. ಪಟ್ಟಿಗೆ ತಾಗಿದರೆ ಹೋಲ್ ಮುಗಿಯಿತು. ಅಕ್ಟೋಬರಿಗೆ ಸರಪಳಿ ಮತ್ತೆ ಮೇಲೇರುವ ತನಕ ಆಟ ಹಾಗೆ ನಡೆಯುತ್ತದೆ.