ಡ್ರಾಫ್ಟ್‌ಗೆ ಮುಂಚೆಯೇ ಹುಡುಗರನ್ನು ನೋಡಬೇಕಾ? ಕೇಪ್ ಕಾಡ್‌ಗೆ ಹೋಗಿ

ಬಾಸ್ಟನ್ ಕಡೆ ಇರುವ ಬೇಸ್‌ಬಾಲ್ ಪ್ರಿಯರೇ, ಜುಲೈನಲ್ಲಿ ನಡೆಯುವ ಮೇಜರ್ ಲೀಗ್ ಡ್ರಾಫ್ಟ್‌ಗಾಗಿ (ವೃತ್ತಿಪರ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು) ಬರೀ ಪಟ್ಟಿ ಓದುತ್ತಾ ಕೂರಬೇಡಿ. ಹಿಂದಿನ ವರ್ಷದ ಬೇಸಿಗೆಯಲ್ಲೇ, ಕಾಲೇಜು ಹುಡುಗರು ಸಮುದ್ರತೀರದ ಊರುಗಳಲ್ಲಿ ಆಡುವ ಕೇಪ್ ಕಾಡ್ ಲೀಗ್ ನೋಡಿ.

ಕಾಲೇಜಿನಲ್ಲಿ ಹೆಚ್ಚಾಗಿ ಲೋಹದ ಬ್ಯಾಟ್, ಇಲ್ಲಿ ಮೇಜರ್ ಲೀಗಿನಂತೆ ಮರದ್ದು. ಇದೇ ದೊಡ್ಡ ಪರೀಕ್ಷೆ. ಲೋಹದ ಬ್ಯಾಟಿನ ಹಿಡಿಯ ಹತ್ತಿರ ತಾಗಿದ ಚೆಂಡೂ ಎಷ್ಟೋ ಸಲ ಇನ್‌ಫೀಲ್ಡ್ (ಒಳ ಮೈದಾನ) ದಾಟಿಬಿಡುತ್ತದೆ. ಮರದ ಬ್ಯಾಟಾದರೆ ಚಟ್ ಅಂತ ಮುರಿದು, ಚೆಂಡು ಅದನ್ನು ಎಸೆದ ಪಿಚರ್ ಕಾಲ ಬಳಿಗೆ ಉರುಳುತ್ತದೆ. ಅಲ್ಲಿಯೂ ಚೆನ್ನಾಗಿ ಹೊಡೆಯುವ ಹುಡುಗನ ಹೆಸರು ಬರೆದಿಟ್ಟುಕೊಳ್ಳಿ. ಆಸ್ಟ್ರೇಲಿಯಾದ ಟ್ರಾವಿಸ್ ಬಜಾನಾ 2023ರಲ್ಲಿ ಫಾಲ್ಮತ್ ತಂಡಕ್ಕೆ ಆಡಿ ಲೀಗಿನ ಶ್ರೇಷ್ಠ ಆಟಗಾರನಾದ. ಮರುವರ್ಷ ಕ್ಲೀವ್‌ಲ್ಯಾಂಡ್ ತಂಡ ಅವನನ್ನೇ ಮೊದಲನೆಯವನಾಗಿ ಆರಿಸಿತು!

ಟಿಕೆಟ್ ಇಲ್ಲ, ಡಬ್ಬಿಗೆ ಕೈಲಾದಷ್ಟು ಹಾಕಿ. ಮಡಚುವ ಕುರ್ಚಿ ಒಯ್ಯಿರಿ. ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್ ಹಿಂದೆ, ಚೆಂಡಿನ ವೇಗ ಅಳೆಯುವ ರೇಡಾರ್ ಗನ್ ಹಿಡಿದ ಸ್ಕೌಟ್‌ಗಳು (ತಂಡಗಳಿಗಾಗಿ ಆಟಗಾರರನ್ನು ಹುಡುಕುವವರು) ಇರುತ್ತಾರೆ, ಅವರ ಹತ್ತಿರವೇ ಕೂತುಕೊಳ್ಳಿ. ಅವರೆಲ್ಲ ಒಟ್ಟಿಗೆ ಗನ್ ಎತ್ತಿದರೆ ಆ ಪಿಚರ್ ಮೇಲೆ ಕಣ್ಣಿಡಿ. ಎರಡು ಸ್ಟ್ರೈಕ್ (ಮೂರಾದರೆ ಔಟ್) ಆದ ಮೇಲೆ ಬ್ಯಾಟರ್ ತಿರುಗುವ ಚೆಂಡನ್ನು ಬಿಡುತ್ತಾನಾ, ಬೀಸುತ್ತಾನಾ? ನನಗೆ ಅಂಕಿಗಿಂತ ಅದೇ ಜಾಸ್ತಿ ಮುಖ್ಯ.

ಸಂಜೆ ಸಮುದ್ರದ ಗಾಳಿ ತಣ್ಣಗಿರುತ್ತದೆ, ಮಕ್ಕಳಿಗೆ ಸ್ವೆಟರ್ ಮರೆಯಬೇಡಿ.