ಮುತ್ತುಗದ ಹೂವಿನ ಬ್ರೋಚ್: ಪಿನ್ ಕಿತ್ತು ಬರುತ್ತಿದ್ದರೆ

ಧಾರವಾಡದಲ್ಲಿ ಮುತ್ತುಗ ಅರಳುವ ಹೊತ್ತಿಗೆ ಅದೇ ಆಕಾರದ ಸೆರಾಮಿಕ್ ಬ್ರೋಚ್ ಮಾಡುತ್ತೇನೆ. ಸೆರಗಿಗೆ ಚುಚ್ಚಿದ ಕೆಲವೇ ದಿನಕ್ಕೆ ಹಿಂದಿನ ಪಿನ್ ಕಿತ್ತು ಬರುತ್ತಿತ್ತು. ಅಂಟೆಲ್ಲ ಪಿನ್ನಿಗೇ ಮೆತ್ತಿಕೊಂಡಿರುತ್ತಿತ್ತು, ಹೂವಿನ ಬೆನ್ನು ಮಾತ್ರ ಫಳಫಳ. ಸೂಪರ್ ಗ್ಲೂ ನಿಲ್ಲಲಿಲ್ಲ. ಗ್ಲೂ ಗನ್ನಿನ ಅಂಟು ಬಿಸಿಲಿಗೆ ಮೆತ್ತಗಾಯಿತು.

ಗ್ಲೇಜ್ ಅಂದರೆ ಸೆರಾಮಿಕ್ ಮೇಲಿನ ಹೊಳಪಿನ ಲೇಪ, ಅದು ಗಾಜು ತಾನೆ, ಅಂಟು ಕಚ್ಚಿಕೊಳ್ಳುವುದಾದರೂ ಎಲ್ಲಿ? ಪಿನ್ ಕೂರುವ ಜಾಗವನ್ನು 120 ನಂಬರಿನ ವಾಟರ್ ಪೇಪರ್‌ನಿಂದ, ನೀರು ಹಾಕಿಯೇ, ಹೊಳಪು ಹೋಗುವವರೆಗೆ ತಿಕ್ಕಿ. ಪಿನ್ನಿನ ತಳವನ್ನೂ ತಿಕ್ಕಿ. ಒಣಗಿದ ಮೇಲೆ ಸ್ಪಿರಿಟ್‌ನಿಂದ ಒರೆಸಿ, ಮತ್ತೆ ಬೆರಳು ತಾಕಿಸಬೇಡಿ. ಎರಡು ಟ್ಯೂಬಿನ ಎಪಾಕ್ಸಿ ಸಮಸಮ ಕಲಸಿ ಹಚ್ಚಿ, 24 ಗಂಟೆ ಅಲುಗಾಡಿಸಬೇಡಿ. ಪಿನ್ ನಡುವಿಗಿಂತ ಸ್ವಲ್ಪ ಮೇಲಿರಲಿ, ಇಲ್ಲವಾದರೆ ಹೂವು ಮುಂದಕ್ಕೆ ಜೋಲುತ್ತದೆ.

ಹೊಸದು ಮಾಡುವಾಗ, ಮೊದಲ ಸಲ ಸುಟ್ಟ ಮೇಲೆ ಪಿನ್ ಕೂರುವ ಜಾಗಕ್ಕೆ ಕರಗಿಸಿದ ಮೇಣ ಹಚ್ಚಿ ಗ್ಲೇಜ್‌ನಲ್ಲಿ ಅದ್ದಿ. ಮೇಣದ ಮೇಲೆ ಗ್ಲೇಜ್ ಹಿಡಿಯುವುದಿಲ್ಲ, ಮೇಣ ಭಟ್ಟಿಯಲ್ಲಿ ಉರಿದುಹೋಗುತ್ತದೆ, ತಿಕ್ಕುವ ಕೆಲಸವೇ ಇರುವುದಿಲ್ಲ.